ಮಳೆಯಲ್ಲಿ ಗಾಡಿ ಓಡಿಸುವುದು: ಟೈರಿನ ತೋಡಿನಿಂದ ತುಂಬಿ ಹರಿಯುವ ಹಳ್ಳದವರೆಗೆ

ಕಾರಿನ ಒಂದೊಂದು ಟೈರು ರಸ್ತೆಯನ್ನು ಮುಟ್ಟುವ ಜಾಗ ಹೆಚ್ಚುಕಡಿಮೆ ನಮ್ಮ ಅಂಗೈಯಷ್ಟು. ಒಂದು ಟನ್ನಿನ ಗಾಡಿ, ಒಳಗೆ ಕೂತ ಮನೆಮಂದಿ, ಡಿಕ್ಕಿಯ ಸಾಮಾನು, ಇಷ್ಟನ್ನೂ ತಿರುಗಿಸುವುದು, ನಿಲ್ಲಿಸುವುದು ಆ ನಾಲ್ಕು ಅಂಗೈಗಳೇ. ಮಳೆ ಬಂದರೆ ಅಂಗೈಗೂ ರಸ್ತೆಗೂ ನಡುವೆ ನೀರು ನುಗ್ಗುತ್ತದೆ. ಆ ನೀರಿಗೆ ಪಕ್ಕಕ್ಕೆ ಸರಿಯಲು ಸಮಯ ಕೊಡಬೇಕು. ಸಮಯ ಸಿಗುವುದು ವೇಗ ಇಳಿಸಿದಾಗ. ಮುಂದೆ ಬರೆದಿರುವ ಉಪಾಯಗಳೆಲ್ಲ ಅದರ ನಂತರದ ಮಾತು.

ನನಗೆ ಇದು ತಲೆಗೆ ಹೋದದ್ದು ಒಂದು ತಿರುವಿನಲ್ಲಿ. ಟೈರು ಸವೆದಿತ್ತು, ಮುಂದಿನ ತಿಂಗಳು ಹಾಕಿಸೋಣ ಎಂದು ಮೂರು ತಿಂಗಳು ದೂಡಿದ್ದೆ. ತುಂತುರು ಮಳೆ, ವೇಗವೂ ಹೆಚ್ಚಿರಲಿಲ್ಲ. ತಿರುವಿನ ನಡುವೆ ಬ್ರೇಕ್ ಮುಟ್ಟಿದ್ದೇ ತಡ, ಹಿಂಬದಿ ಸರ್ರನೆ ಹೊರಕ್ಕೆ ಜಾರಿ ಗಾಡಿ ಬಂದ ದಾರಿಗೇ ಮುಖ ಮಾಡಿ ನಿಂತಿತು. ಎದುರಿಗೆ ಯಾರೂ ಬರುತ್ತಿರಲಿಲ್ಲ. ಬದುಕಿದ್ದಕ್ಕೆ ಅದೊಂದೇ ಕಾರಣ, ನನ್ನ ಜಾಣತನವೇನೂ ಇರಲಿಲ್ಲ.

ಹಾಗಾಗಿ ಟೈರಿನಿಂದಲೇ ಶುರು ಮಾಡುತ್ತೇನೆ.

ಹಂತ 1: ಮಳೆಗಾಲಕ್ಕೆ ಮುಂಚೆ ಟೈರು ನೋಡಿ

ಟೈರಿನ ಮೇಲಿನ ತೋಡುಗಳು ಅಂದಕ್ಕೆ ಕೊರೆದದ್ದಲ್ಲ, ನೀರು ಹೊರಗೆ ಹೋಗುವ ಕಾಲುವೆಗಳು. ಹೊಸ ಕಾರಿನ ಟೈರಿನಲ್ಲಿ ಅವು ಸುಮಾರು 8 ಮಿಲಿಮೀಟರ್ ಆಳ ಇರುತ್ತವೆ. ಹಲವು ದೇಶಗಳ ಕಾನೂನು 1.6 ಮಿ.ಮೀ.ವರೆಗೂ ಓಡಿಸಲು ಬಿಡುತ್ತದೆ. ಮಳೆಗೆ ಆ ಲೆಕ್ಕ ನಂಬಬೇಡಿ. 3 ಮಿ.ಮೀ.ಗಿಂತ ಕೆಳಗೆ ಇಳಿಯುತ್ತಿದ್ದಂತೆ ಒದ್ದೆ ರಸ್ತೆಯಲ್ಲಿ ಹಿಡಿತ ಬೇಗ ಬೇಗ ಕುಸಿಯುತ್ತದೆ, ಬದಲಿಸುವ ಹೊತ್ತು ಅದೇ.

ಅಳೆಯಲು ಸಣ್ಣ ಸ್ಕೇಲ್ ಸಾಕು. ಒಂದೇ ಕಡೆ ಅಳೆದು ಸಮಾಧಾನಪಡಬೇಡಿ; ಒಳ ಅಂಚು, ನಡು, ಹೊರ ಅಂಚು ಮೂರೂ ಕಡೆ ನೋಡಿ. ಅಲೈನ್‌ಮೆಂಟ್ ತಪ್ಪಿದ ಗಾಡಿಯಲ್ಲಿ ಹೊರಗೆ ಹೊಸದರಂತೆ ಕಾಣುವ ಟೈರು ಒಳಗೆ ಬೋಳಾಗಿರುತ್ತದೆ. ತೋಡಿನ ತಳದಲ್ಲಿ ಅಲ್ಲಲ್ಲಿ ಅಡ್ಡಕ್ಕೆ ಸಣ್ಣ ರಬ್ಬರ್ ದಿಬ್ಬಗಳಿವೆ. ಟೈರು ಸವೆದು ಆ ದಿಬ್ಬಕ್ಕೆ ಸಮವಾಯಿತೆಂದರೆ ಅದರ ಆಯುಸ್ಸು ಮುಗಿಯಿತು.

ಆಮೇಲೆ ವಯಸ್ಸು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಯ ಒಂದು ಸಂಖ್ಯೆ ಇರುತ್ತದೆ. 2321 ಎಂದಿದ್ದರೆ 2021ರ 23ನೇ ವಾರದಲ್ಲಿ ತಯಾರಾದದ್ದು ಎಂದರ್ಥ. ಹಳೆಯ ರಬ್ಬರ್ ಗಟ್ಟಿಯಾಗುತ್ತದೆ, ಗಟ್ಟಿ ರಬ್ಬರ್ ಒದ್ದೆ ಡಾಂಬರನ್ನು ಹಿಡಿಯುವುದಿಲ್ಲ. ಹೆಚ್ಚು ಓಡದೆ ಮನೆ ಮುಂದೆ ನಿಂತೇ ಇರುವ ಗಾಡಿಯವರು ಮೋಸ ಹೋಗುವುದು ಇಲ್ಲೇ.

ಗಾಳಿಯನ್ನು ಟೈರು ತಣ್ಣಗಿರುವಾಗ, ಗಾಡಿ ತಯಾರಕರು ಹೇಳಿದಷ್ಟೇ ಹಾಕಿಸಿ. ಚಾಲಕನ ಬಾಗಿಲ ಚೌಕಟ್ಟಿನಲ್ಲಿ ಅದರ ಚೀಟಿ ಅಂಟಿಸಿರುತ್ತಾರೆ. ಮಳೆಗಾಲದಲ್ಲಿ ಗಾಳಿ ಕಡಿಮೆ ಇಟ್ಟರೆ ಗ್ರಿಪ್ ಜಾಸ್ತಿ ಎಂಬ ಮಾತು ನೀವೂ ಕೇಳಿರುತ್ತೀರಿ. ಅದು ತಲೆಕೆಳಗಾದ ಮಾತು. ಏಕೆಂದು ಹಂತ 6ರಲ್ಲಿ ಹೇಳುತ್ತೇನೆ.

ಎರಡೇ ಟೈರು ಹೊಸದು ಹಾಕಿಸುವುದಾದರೆ ಹಿಂದಕ್ಕೆ ಹಾಕಿಸಿ. ಎಳೆಯುವ ಚಕ್ರ ಮುಂದಿರುವ ಗಾಡಿಗೂ ಇದೇ ಸರಿ. ಮುಂದಿನ ಟೈರು ಜಾರಿದರೆ ಗಾಡಿ ನೇರಕ್ಕೆ ಹೋಗುತ್ತದೆ, ಕಾಲು ತೆಗೆದರೆ ಹೆಚ್ಚಿನ ಸಲ ಹಿಡಿತ ಮರಳುತ್ತದೆ. ಹಿಂದಿನದು ಜಾರಿದರೆ ಗಾಡಿ ಬುಗುರಿಯಾಗುತ್ತದೆ, ಅದನ್ನು ಸಂಭಾಳಿಸುವುದು ನುರಿತವರಿಗೂ ಕಷ್ಟ. ನನ್ನ ತಿರುವಿನಲ್ಲಿ ಆದದ್ದು ಇದೇ.

ಹಂತ 2: ಕಣ್ಣಿಗೆ ಕಾಣಬೇಕು, ಕಣ್ಣಿಗೆ ಬೀಳಬೇಕು

ವೈಪರ್ ರಬ್ಬರ್ ಬಿಸಿಲಿಗೆ ಸಾಯುತ್ತದೆ, ಅದು ಸತ್ತದ್ದು ಗೊತ್ತಾಗುವುದು ಮಳೆಯಲ್ಲಿ. ಗಾಜಿನ ಮೇಲೆ ಗೆರೆ ಬಿಟ್ಟರೆ, ಕಿರ್ರೆಂದರೆ, ಕುಣಿದರೆ ಬದಲಿಸಿ. ಅದಕ್ಕೂ ಮೊದಲು ಗಾಜನ್ನೇ ಒಳಗೂ ಹೊರಗೂ ಚೆನ್ನಾಗಿ ತೊಳೆಯಿರಿ. ಒಳಗಾಜಿನ ಮೇಲೆ ಕೂತ ತೆಳು ಜಿಡ್ಡು ಹಗಲಲ್ಲಿ ಕಾಣುವುದಿಲ್ಲ, ರಾತ್ರಿ ಮಳೆಯಲ್ಲಿ ಎದುರಿನ ದೀಪ ಬಿದ್ದಾಗ ಇಡೀ ಗಾಜು ಬೆಳ್ಳಗಾಗುತ್ತದೆ. ವಾಷರ್ ನೀರೂ ತುಂಬಿರಲಿ. ಮುಂದಿನ ಲಾರಿ ಎರಚುವುದು ಬರೀ ನೀರಲ್ಲ, ಕೆಸರು.

ಗಾಜು ಮಬ್ಬಾದರೆ ಮೊದಲು ಒಂದು ಬೆರಳಿಂದ ಒಳಗೆ ಒರಸಿ ನೋಡಿ. ಮಬ್ಬು ಹೋಯಿತೆಂದರೆ ಅದು ಒಳಗಿನದು, ನಿಮ್ಮ ಉಸಿರು ಮತ್ತು ಒದ್ದೆ ಬಟ್ಟೆಯ ತೇವ. ಆಗ ಎ.ಸಿ. ಹಾಕಿ, ಬಿಸಿಯನ್ನು ಏರಿಸಿ, ಗಾಳಿಯನ್ನು ಮುಂದಿನ ಗಾಜಿನ ಕಡೆಗೆ ತಿರುಗಿಸಿ, ಒಳಗಿನ ಗಾಳಿಯೇ ಸುತ್ತುವ ರೀಸರ್ಕ್ಯುಲೇಷನ್ ಬಟನ್ ಆಫ್ ಮಾಡಿ. ಬಿಸಿಯ ಜೊತೆ ಎ.ಸಿ. ಯಾಕೆ ಎಂದು ಕೇಳುವವರಿದ್ದಾರೆ. ಎ.ಸಿ. ಗಾಳಿಯಲ್ಲಿನ ತೇವವನ್ನು ಹಿಂಡಿ ತೆಗೆಯುತ್ತದೆ, ಬಿಸಿ ಗಾಜನ್ನು ಬೆಚ್ಚಗಾಗಿಸುತ್ತದೆ, ಎರಡೂ ಬೇಕು. ಒರಸಿದರೂ ಮಬ್ಬು ಹೋಗದಿದ್ದರೆ ಅದು ಹೊರಗಿನದು. ಸೆಕೆಯ ದಿನ ಎ.ಸಿ. ಗಾಜನ್ನು ತೀರಾ ತಣ್ಣಗೆ ಮಾಡಿದಾಗ ಹೊರಗಿನ ತೇವ ಅದರ ಮೇಲೆ ಕೂರುತ್ತದೆ. ವೈಪರ್ ಒಂದು ಸುತ್ತು ಓಡಿಸಿ, ತಂಪು ಸ್ವಲ್ಪ ಇಳಿಸಿ.

ಮಳೆ ಬಂದರೆ ಹಗಲಲ್ಲೂ ಹೆಡ್‌ಲೈಟ್ ಹಾಕಿ, ಡಿಮ್‌ನಲ್ಲಿ. ಡೇಟೈಮ್ ದೀಪ ಇದೆಯಲ್ಲ ಎನ್ನಬೇಡಿ, ಎಷ್ಟೋ ಗಾಡಿಗಳಲ್ಲಿ ಅದು ಉರಿಯುವಾಗ ಹಿಂದಿನ ಕೆಂಪು ದೀಪ ಉರಿಯುವುದಿಲ್ಲ. ಹೈ ಬೀಮ್ ಹಾಕಿದರೆ ಬೆಳಕು ಮಳೆಹನಿಗೆ ಬಡಿದು ನಿಮ್ಮ ಕಣ್ಣಿಗೇ ವಾಪಸ್ ಬರುತ್ತದೆ.

ಇನ್ನು ಹಜಾರ್ಡ್ ದೀಪ. ಮಳೆ ಜೋರಾಯಿತು ಎಂದರೆ ಸಾಕು, ನಾಲ್ಕೂ ಇಂಡಿಕೇಟರ್ ಪಿಳಿಪಿಳಿ ಮಾಡುತ್ತ ಓಡುವವರ ಸಾಲೇ ಶುರುವಾಗುತ್ತದೆ. ಹಾಗೆ ಹೋಗುವಾಗ ನೀವು ಎತ್ತ ತಿರುಗುತ್ತೀರಿ ಎಂದು ಹಿಂದಿನವರಿಗೆ ತಿಳಿಯುವುದಿಲ್ಲ, ನಿಂತಿದ್ದೀರೋ ಚಲಿಸುತ್ತಿದ್ದೀರೋ ಎಂಬುದೂ ಗೊತ್ತಾಗುವುದಿಲ್ಲ. ಅದು ನಿಂತ ಗಾಡಿಯ ದೀಪ, ನಿಂತಾಗಲೇ ಹಾಕಿ.

ಹಂತ 3: ಮೊದಲ ಹನಿಗಳಿಗೆ ಮರ್ಯಾದೆ ಕೊಡಿ

ಜೋರು ಮಳೆಗೆ ಎಲ್ಲರೂ ಹೆದರುತ್ತಾರೆ, ತುಂತುರಿಗೆ ಯಾರೂ ಹೆದರುವುದಿಲ್ಲ. ಬಹಳ ದಿನ ಒಣಗಿದ್ದ ರಸ್ತೆಯ ಮೇಲೆ ಸೋರಿದ ಎಣ್ಣೆ, ಟೈರಿನ ರಬ್ಬರ್ ಪುಡಿ, ಧೂಳು ಕೂತಿರುತ್ತವೆ. ಮೊದಲ ಹನಿಗಳು ಅವನ್ನು ಕಲಸುತ್ತವೆ, ತೊಳೆಯುವುದಿಲ್ಲ. ಹಾಗಾಗಿ ಮೊದಲ ಹತ್ತಿಪ್ಪತ್ತು ನಿಮಿಷ ರಸ್ತೆಗೆ ಸೋಪು ಬಳಿದಂತೆ. ಸಿಗ್ನಲ್, ವೃತ್ತ, ಬಸ್ ನಿಲ್ದಾಣ, ಪೆಟ್ರೋಲ್ ಬಂಕ್ ಮುಂದೆ ಇದು ಇನ್ನೂ ಹೆಚ್ಚು, ಗಾಡಿಗಳು ನಿಂತು ಎಣ್ಣೆ ತೊಟ್ಟಿಕ್ಕುವ ಜಾಗಗಳವು. ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣ ಕಂಡರೆ ಅಲ್ಲಿ ಬ್ರೇಕ್ ಹಿಡಿಯಬೇಡಿ, ಸ್ಟೇರಿಂಗ್ ತಿರುಗಿಸಬೇಡಿ, ಸುಮ್ಮನೆ ದಾಟಿ. ವೈಪರ್ ಮೊದಲ ಸಲ ಹಾಕಿದ ಕೂಡಲೇ ಕಾಲು ಆಕ್ಸಿಲರೇಟರ್‌ನಿಂದ ಸಡಿಲವಾಗಬೇಕು, ಇದನ್ನು ಅಭ್ಯಾಸ ಮಾಡಿಕೊಳ್ಳಿ.

ಹಂತ 4: ವೇಗ ಮತ್ತು ಅಂತರದ ಲೆಕ್ಕ

ಗಂಟೆಗೆ 80 ಕಿ.ಮೀ. ವೇಗದಲ್ಲಿದ್ದೀರಿ. ಮುಂದೆ ಏನೋ ಅಡ್ಡ ಬಂತು. ಕಣ್ಣು ಕಂಡು, ಕಾಲು ಬ್ರೇಕಿಗೆ ಹೋಗುವ ಒಂದೂವರೆ ಸೆಕೆಂಡಿನಲ್ಲೇ ಗಾಡಿ 33 ಮೀಟರ್ ಓಡಿರುತ್ತದೆ. ಆಮೇಲೆ ಒಣ ರಸ್ತೆಯಾದರೆ ಸುಮಾರು 36 ಮೀಟರ್‌ನಲ್ಲಿ ನಿಲ್ಲುತ್ತದೆ, ಒಟ್ಟು 69. ಒದ್ದೆ ರಸ್ತೆಯಲ್ಲಿ ಬ್ರೇಕ್ ಹಿಡಿದ ಮೇಲಿನ ದೂರ 63 ಮೀಟರ್ ಆಗುತ್ತದೆ, ಒಟ್ಟು 96. ಟೈರು ಸವೆದಿದ್ದರೆ ಒಟ್ಟು 115 ಮೀಟರ್ ದಾಟಿದರೂ ಆಶ್ಚರ್ಯವಿಲ್ಲ. ಟೈರಿಗೂ ರಸ್ತೆಗೂ ನಡುವಿನ ಘರ್ಷಣೆಯ ಗುಣಾಂಕವನ್ನು (ಹೆಚ್ಚಿದ್ದಷ್ಟೂ ಹಿಡಿತ ಹೆಚ್ಚು) ಒಣಗಿದ್ದಾಗ 0.7, ಒದ್ದೆಯಾದಾಗ 0.4, ಸವೆದ ಟೈರಿಗೆ 0.3 ಎಂದಿಟ್ಟುಕೊಂಡು ಮಾಡಿದ ಲೆಕ್ಕ ಇದು. ನಿಮ್ಮ ರಸ್ತೆ, ನಿಮ್ಮ ಟೈರಿಗೆ ಸ್ವಲ್ಪ ಆಚೀಚೆ ಆಗಬಹುದು.

ಇದೇ ಲೆಕ್ಕವನ್ನು ತಿರುಗಿಸಿ ನೋಡಿ. ಒಣ ರಸ್ತೆಯಲ್ಲಿ 80ರಿಂದ ನಿಲ್ಲುತ್ತಿದ್ದ 69 ಮೀಟರಿನೊಳಗೇ ಮಳೆಯಲ್ಲೂ ನಿಲ್ಲಬೇಕಾದರೆ ವೇಗ 65ಕ್ಕೆ ಇಳಿದಿರಬೇಕು. ಹದಿನೈದು ಕಿಲೋಮೀಟರ್ ವೇಗ ಬಿಟ್ಟುಕೊಟ್ಟರೆ 27 ಮೀಟರ್ ರಸ್ತೆ ವಾಪಸ್ ಸಿಗುತ್ತದೆ. ಇಷ್ಟು ಅಗ್ಗದ ವ್ಯಾಪಾರ ಬೇರೆಲ್ಲಿದೆ? ಮಳೆ ಇನ್ನೂ ಜೋರಾಗಿ ಮುಂದೆ 50 ಮೀಟರ್ ಮಾತ್ರ ಕಾಣುತ್ತಿದ್ದರೆ 50ರ ವೇಗವೂ ಅಂಚಿನದೇ, ಏಕೆಂದರೆ ಒದ್ದೆಯಲ್ಲಿ 50ರಿಂದ ನಿಲ್ಲಲು 45 ಮೀಟರ್ ಬೇಕು. ಕಾಣುವಷ್ಟು ದೂರದೊಳಗೆ ನಿಲ್ಲುವಂತಿರಬೇಕು. ವೇಗಮಿತಿಯ ಫಲಕ ಏನೇ ಹೇಳಲಿ, ಮಳೆಯಲ್ಲಿ ಮಿತಿ ಇದು.

ಮುಂದಿನ ಗಾಡಿಯಿಂದ ಅಂತರವನ್ನು ಮೀಟರಿನಲ್ಲಿ ಅಂದಾಜು ಮಾಡಲು ಹೋಗಬೇಡಿ, ಯಾರಿಗೂ ಬರುವುದಿಲ್ಲ. ಅದು ಒಂದು ಕಂಬವನ್ನು ದಾಟಿದ ಕ್ಷಣದಿಂದ ಎಣಿಸಿ: ಸಾವಿರದ ಒಂದು, ಸಾವಿರದ ಎರಡು, ಸಾವಿರದ ಮೂರು, ಸಾವಿರದ ನಾಲ್ಕು. ಅಷ್ಟು ಎಣಿಸಿ ಮುಗಿಯುವ ಮೊದಲೇ ನೀವು ಆ ಕಂಬ ತಲುಪಿದರೆ ತೀರಾ ಹತ್ತಿರವಿದ್ದೀರಿ. ಒಣ ರಸ್ತೆಗೆ ಎರಡು ಸೆಕೆಂಡ್, ಒದ್ದೆಗೆ ನಾಲ್ಕು. ಆ ಜಾಗಕ್ಕೆ ಯಾರೋ ನುಗ್ಗುತ್ತಾರೆ, ನಿಜ. ನುಗ್ಗಲಿ, ಮತ್ತೆ ಸ್ವಲ್ಪ ಹಿಂದೆ ಸರಿಯಿರಿ.

ಹಂತ 5: ಕೈಕಾಲು ಮೆತ್ತಗಿರಲಿ

ಅಂಗೈಯಷ್ಟು ರಬ್ಬರಿಗೆ ಒಂದು ಸಲಕ್ಕೆ ಒಂದೇ ಕೆಲಸ ಕೊಡಿ. ತಿರುವಿಗೆ ಮೊದಲೇ, ಗಾಡಿ ನೇರ ಇರುವಾಗ ಬ್ರೇಕ್ ಹಿಡಿದು ವೇಗ ಇಳಿಸಿ. ತಿರುವಿನಲ್ಲಿ ತಿರುಗಿಸುವುದಷ್ಟೇ. ಸ್ಟೇರಿಂಗ್ ನೇರವಾಗುತ್ತ ಬಂದಂತೆ ಮೆಲ್ಲಗೆ ವೇಗ ಏರಿಸಿ. ಕ್ಲಚ್ ಫಟ್ಟನೆ ಬಿಡುವುದು, ಕೆಳಗಿನ ಗೇರಿಗೆ ಎಳೆದು ಹಾಕುವುದು, ಕಾಲನ್ನು ಒಮ್ಮೆಗೇ ಎತ್ತುವುದು, ಒಣ ರಸ್ತೆ ಕ್ಷಮಿಸುವ ಈ ಎಲ್ಲ ಒರಟುತನಕ್ಕೂ ಒದ್ದೆ ರಸ್ತೆ ಲೆಕ್ಕ ಕೇಳುತ್ತದೆ.

ಕಾಲು ಒತ್ತದೆಯೇ ಗಾಡಿಯನ್ನು ಒಂದೇ ವೇಗದಲ್ಲಿ ಓಡಿಸುವ ಕ್ರೂಸ್ ಕಂಟ್ರೋಲ್ ಆಫ್ ಮಾಡಿ. ಕಾಲು ಪೆಡಲ್ ಮೇಲಿದ್ದರೆ ಹಿಡಿತ ತಪ್ಪುವ ಸುಳಿವು ಮೊದಲೇ ಸಿಗುತ್ತದೆ. ಲೇನ್ ಹಿಡಿದು ಓಡಿಸುವ, ತಾನೇ ಬ್ರೇಕ್ ಹಾಕುವ ಸೌಲಭ್ಯಗಳು ಕ್ಯಾಮೆರಾ ನಂಬಿಕೊಂಡಿರುತ್ತವೆ. ನಿಮಗೆ ಕಾಣದಷ್ಟು ಮಳೆಯಲ್ಲಿ ಕ್ಯಾಮೆರಾಕ್ಕೂ ಕಾಣದು.

ಮುಂದಿನ ಗಾಡಿಯ ಚಕ್ರ ಹೋದ ಜಾಡಿನಲ್ಲಿ ನೀರು ಸರಿದು ಡಾಂಬರು ಕಪ್ಪಗೆ ಕಾಣುತ್ತಿರುತ್ತದೆ. ಅಂತರ ಉಳಿಸಿಕೊಂಡು ಆ ಜಾಡಿನಲ್ಲೇ ಸಾಗಿ. ಲಾರಿಯನ್ನು ಹಿಂದಿಕ್ಕುವಾಗ ಪಕ್ಕಕ್ಕೆ ಹೋಗುವ ಮೊದಲೇ ವೈಪರ್ ಜೋರು ಮಾಡಿ. ಅದರ ಚಕ್ರದ ಎರಚಲು ಗಾಜಿಗೆ ಬಡಿದ ಎರಡು ಸೆಕೆಂಡ್ ನೀವು ಕುರುಡರು. ಹಿಂದಿಕ್ಕಲೇಬೇಕೇ ಎಂದು ಇನ್ನೊಮ್ಮೆ ಕೇಳಿಕೊಂಡರೆ ಇನ್ನೂ ಒಳ್ಳೆಯದು. ಕೊಡೆ ಹಿಡಿದು ತಲೆ ತಗ್ಗಿಸಿ ರಸ್ತೆ ದಾಟುವವರಿಗೆ ನೀವು ಕಾಣುವುದಿಲ್ಲ, ಅವರ ಪರವಾಗಿಯೂ ನೀವೇ ನೋಡಬೇಕು.

ಹಂತ 6: ಟೈರು ನೀರಿನ ಮೇಲೆ ತೇಲಿದರೆ

ತೋಡುಗಳು ಹೊರಹಾಕುವುದಕ್ಕಿಂತ ಬೇಗ ನೀರು ಎದುರಾದರೆ ಟೈರು ಅದರ ಮೇಲೆ ಹತ್ತಿಬಿಡುತ್ತದೆ. ರಸ್ತೆಯ ಸಂಬಂಧವೇ ಕಡಿಯುತ್ತದೆ. ಇದಕ್ಕೆ ಹೈಡ್ರೋಪ್ಲೇನಿಂಗ್ ಅನ್ನುತ್ತಾರೆ. ಸ್ಟೇರಿಂಗ್ ಏಕಾಏಕಿ ಹಗುರವಾಗುವುದು, ಎಂಜಿನ್ ಸದ್ದು ಸುಮ್ಮನೆ ಏರುವುದು ಅದರ ಗುರುತು.

ವಿಮಾನಗಳು ಒದ್ದೆ ರನ್‌ವೇಯಲ್ಲಿ ಜಾರುವುದನ್ನು ಪರೀಕ್ಷಿಸಿ ನಾಸಾದ ವಾಲ್ಟರ್ ಹಾರ್ನ್ ಮತ್ತು ಸಂಗಡಿಗರು 1963ರಲ್ಲಿ ಒಂದು ಸರಳ ಸೂತ್ರ ಕೊಟ್ಟರು. ತೇಲುವ ವೇಗ ಟೈರಿನ ಗಾಳಿಯ ಒತ್ತಡದ ವರ್ಗಮೂಲಕ್ಕೆ ತಕ್ಕಂತೆ ಏರುತ್ತದೆ. ಆ ಲೆಕ್ಕದಲ್ಲಿ ಗಾಳಿಯ ಒತ್ತಡ 32 ಪಿಎಸ್‌ಐ (ಗಾಳಿ ಹಾಕಿಸುವಾಗ ಹೇಳುವ ಅಳತೆ) ಇರುವ ಟೈರು ಗಂಟೆಗೆ 94 ಕಿ.ಮೀ. ಹೊತ್ತಿಗೆ ತೇಲುತ್ತದೆ, 24 ಪಿಎಸ್‌ಐ ಇದ್ದರೆ 82ಕ್ಕೇ. ಗಾಳಿ ಇಳಿಸಿದರೆ ಗ್ರಿಪ್ ಬರುತ್ತದೆ ಎನ್ನುವವರಿಗೆ ಉತ್ತರ ಇದು. ಸೂತ್ರದಲ್ಲಿ ಗಾಡಿಯ ತೂಕವೇ ಇಲ್ಲ ಎಂಬುದನ್ನೂ ಗಮನಿಸಿ. ನನ್ನದು ಭಾರದ ಗಾಡಿ, ತೇಲುವುದಿಲ್ಲ ಎಂಬ ಧೈರ್ಯಕ್ಕೆ ಆಧಾರವಿಲ್ಲ. ಕಾರಿನ ಮಟ್ಟಿಗೆ ಇದು ಅಂದಾಜು ಮಾತ್ರ. ಟೈರು ಬೋಳಾಗಿ ನೀರು ಹೆಚ್ಚು ನಿಂತಿದ್ದರೆ ಇನ್ನೂ ಕಡಿಮೆ ವೇಗದಲ್ಲೇ ತೇಲಬಹುದು.

ತೇಲಿದಾಗ ಮಾಡಬೇಕಾದದ್ದು ಕಡಿಮೆ, ಕಷ್ಟ ಇರುವುದೂ ಅಲ್ಲೇ:

1. ಆಕ್ಸಿಲರೇಟರ್‌ನಿಂದ ಕಾಲನ್ನು ನಿಧಾನಕ್ಕೆ ತೆಗೆಯಿರಿ.
2. ಬ್ರೇಕ್ ಒತ್ತಬೇಡಿ.
3. ಸ್ಟೇರಿಂಗನ್ನು ಹೋಗಬೇಕಾದ ದಿಕ್ಕಿಗೆ ನೇರ ಹಿಡಿದುಕೊಳ್ಳಿ. ತಿರುಗಿಸಿಟ್ಟಿದ್ದರೆ, ಹಿಡಿತ ಮರಳಿದ ಕ್ಷಣ ಗಾಡಿ ಆ ಕಡೆಗೆ ಎಗರುತ್ತದೆ.
4. ಕಾಯಿರಿ. ವೇಗ ಇಳಿದಂತೆ ಟೈರು ತಾನೇ ಕೆಳಗಿಳಿಯುತ್ತದೆ.

ತಿರುವಿನಲ್ಲಿ ಹಿಂಬದಿ ಜಾರಿದರೆ ಮಾತ್ರ ನೀವು ಹೋಗಬೇಕಾದ ಕಡೆಗೆ ನೋಡಿ, ಸ್ಟೇರಿಂಗನ್ನೂ ಆ ಕಡೆಗೇ ಮೆಲ್ಲಗೆ ತಿರುಗಿಸಿ, ಗಾಡಿ ನೇರವಾಗುತ್ತಿದ್ದಂತೆ ಅದನ್ನೂ ನೇರ ಮಾಡಿ. ಕಂಬ ನೋಡಿದರೆ ಕೈ ಕಂಬಕ್ಕೇ ಹೋಗುತ್ತದೆ.

ತುರ್ತಾಗಿ ನಿಲ್ಲಿಸಲೇಬೇಕಾದಾಗ, ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದರೂ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಗಾಡಿಯಲ್ಲಿ ಪೆಡಲನ್ನು ಗಟ್ಟಿಯಾಗಿ ಒತ್ತಿ ಹಾಗೇ ಹಿಡಿದಿಡಿ. ಕಾಲಿಗೆ ದಡದಡ ಅನ್ನಿಸುತ್ತದೆ, ಅದು ಅದರ ಕೆಲಸ. ಹೆದರಿ ಕಾಲು ತೆಗೆಯಬೇಡಿ. ಎಬಿಎಸ್ ಇಲ್ಲದಿದ್ದರೆ ಒತ್ತಿ, ಚಕ್ರ ಲಾಕ್ ಆದ ಕೂಡಲೇ ಸಡಿಲಿಸಿ, ಮತ್ತೆ ಒತ್ತಿ.

ಹಂತ 7: ರಸ್ತೆಗೆ ಅಡ್ಡ ನೀರು

ಇಲ್ಲಿ ಸಾಹಸಕ್ಕೆ ಜಾಗವಿಲ್ಲ. ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆ ಕೊಡುವ ಅಳತೆಗಳು ನೆನಪಿಡಲು ಸುಲಭ: 15 ಸೆಂ.ಮೀ. ನೀರು ಹೆಚ್ಚಿನ ಕಾರುಗಳ ತಳ ಮುಟ್ಟಿ ಹಿಡಿತ ತಪ್ಪಿಸಬಲ್ಲದು, 30 ಸೆಂ.ಮೀ. ನೀರು ಅನೇಕ ಗಾಡಿಗಳನ್ನು ತೇಲಿಸಬಲ್ಲದು, 60 ಸೆಂ.ಮೀ. ಹರಿಯುವ ನೀರು ಎಸ್‌ಯುವಿಗಳನ್ನೂ ಕೊಚ್ಚಿಕೊಂಡು ಹೋಗುತ್ತದೆ. ನಂಬಲು ಕಷ್ಟವಾದರೆ ಲೆಕ್ಕ ಹಾಕಿ. ಸಣ್ಣ ಕಾರಿನ ತಳ ಸುಮಾರು 6 ಚದರ ಮೀಟರ್. ತಳ ಮುಟ್ಟಿದ ಮೇಲೆ ನೀರು 10 ಸೆಂ.ಮೀ. ಏರಿದರೆ 600 ಕಿಲೋ ಭಾರವನ್ನು ಎತ್ತಿಹಿಡಿಯುತ್ತದೆ. ಒಂದು ಟನ್ ಕಾರು ದೋಣಿಯಾಗಲು ಇನ್ನೆಷ್ಟು ಬೇಕು?

ಹರಿಯುವ ನೀರಾದರೆ ಎಷ್ಟೇ ಕಡಿಮೆ ಕಂಡರೂ ವಾಪಸ್ ತಿರುಗಿ. ಕೆಂಪು ನೀರಿನ ಕೆಳಗೆ ರಸ್ತೆ ಉಳಿದಿದೆಯೋ ಕೊಚ್ಚಿ ಹೋಗಿದೆಯೋ ಮೇಲಿನಿಂದ ತಿಳಿಯದು. ಮುಂದಿನ ಲಾರಿ ದಾಟಿತು ಎಂಬುದು ಲಾರಿಯ ಎತ್ತರದ ಸಾಕ್ಷಿ, ನಿಮ್ಮದಲ್ಲ.

ನಿಂತ ನೀರು, ಆಳ ಗೊತ್ತು, 15 ಸೆಂ.ಮೀ. ಒಳಗಿದೆ, ಬೇರೆ ದಾರಿಯಿಲ್ಲ ಎಂದಾದರೆ: ಎದುರಿನ ಗಾಡಿ ಪೂರ್ತಿ ದಾಟುವವರೆಗೆ ಕಾಯಿರಿ, ಮೊದಲ ಗೇರ್ ಹಾಕಿ, ರಸ್ತೆಯ ನಡುವಿನ ಎತ್ತರದಲ್ಲಿ, ನಡಿಗೆಯ ವೇಗದಲ್ಲಿ ಒಂದೇ ಸಮ ಸಾಗಿ. ನಡುವೆ ಗೇರ್ ಬದಲಿಸಬೇಡಿ, ನಿಲ್ಲಿಸಬೇಡಿ. ಆಚೆ ಹೋದ ಮೇಲೆ ಹಿಂದೆ ಯಾರೂ ಇಲ್ಲವೆಂದು ನೋಡಿಕೊಂಡು ಎರಡು ಮೂರು ಸಲ ಬ್ರೇಕನ್ನು ಮೃದುವಾಗಿ ಒತ್ತಿ ಒಣಗಿಸಿ.

ನೀರಿನಲ್ಲಿ ಎಂಜಿನ್ ಆಫ್ ಆದರೆ ಮತ್ತೆ ಸ್ಟಾರ್ಟ್ ಮಾಡಬೇಡಿ. ಗಾಳಿ ಎಳೆಯುವ ದಾರಿಯಿಂದ ನೀರು ಸಿಲಿಂಡರಿಗೆ ಹೋಗಿದ್ದರೆ, ಗಾಳಿಯಂತೆ ನೀರು ಕುಗ್ಗುವುದಿಲ್ಲ. ಪಿಸ್ಟನ್ ಅದಕ್ಕೆ ಗುದ್ದಿ ಕನೆಕ್ಟಿಂಗ್ ರಾಡ್ ಬಾಗುತ್ತದೆ. ನೀರು ಹೊಕ್ಕ ಎಂಜಿನ್ ಎಷ್ಟೋ ಸಲ ರಿಪೇರಿಯಾಗುತ್ತದೆ, ಎರಡನೇ ಸಲ ಕೀ ತಿರುಗಿಸಿದ ಎಂಜಿನ್ ಕಷ್ಟ. ಬ್ಯಾಟರಿ ಗಾಡಿಗೆ ಈ ತೊಂದರೆ ಇಲ್ಲ, ಆದರೆ ತೇಲುವ ಲೆಕ್ಕ ಅದಕ್ಕೂ ಒಂದೇ.

ಗಾಡಿ ಮುಳುಗುತ್ತಿದ್ದರೆ

ಫೋನ್ ಆಮೇಲೆ. ಸೀಟ್ ಬೆಲ್ಟ್ ಬಿಚ್ಚಿ, ಕಿಟಕಿ ಇಳಿಸಿ, ಮಕ್ಕಳನ್ನು ಮೊದಲು ಹೊರಗೆ ಕಳಿಸಿ, ನೀವು ಹೊರಬನ್ನಿ. ಪವರ್ ವಿಂಡೋ ಸ್ವಲ್ಪ ಹೊತ್ತು ಕೆಲಸ ಮಾಡುತ್ತದೆ, ಆ ಸ್ವಲ್ಪ ಹೊತ್ತು ನಿಮ್ಮದು. ಬಾಗಿಲು ತೆರೆಯಲು ಹೋಗಿ ಅದನ್ನು ಕಳೆಯಬೇಡಿ: ಮೀಟರ್ ಅಗಲದ ಬಾಗಿಲಿನ ಹೊರಗೆ ಅರ್ಧ ಮೀಟರ್ ನೀರು ನಿಂತರೆ ನೂರು ಕಿಲೋಗೂ ಹೆಚ್ಚು ಭಾರ ಒತ್ತುತ್ತಿರುತ್ತದೆ. ಕಿಟಕಿ ಇಳಿಯದಿದ್ದರೆ ಪಕ್ಕದ ಗಾಜಿನ ಮೂಲೆಗೆ ಚೂಪಾದ ಸುತ್ತಿಗೆಯಿಂದ ಹೊಡೆಯಿರಿ. ಮುಂದಿನ ಗಾಜು ಪದರಪದರವಾಗಿ ಅಂಟಿಸಿದ್ದು, ಒಡೆದರೂ ಬಿಡುವುದಿಲ್ಲ. ಕೆಲವು ಹೊಸ ಕಾರುಗಳ ಪಕ್ಕದ ಗಾಜೂ ಹಾಗೇ ಇರುತ್ತದೆ, ನಿಮ್ಮದು ಯಾವುದೆಂದು ಇವತ್ತೇ ಗಾಜಿನ ಮೂಲೆಯ ಬರಹ ನೋಡಿಕೊಳ್ಳಿ.

ಕರೆಂಟ್ ತಂತಿ ಗಾಡಿಯ ಮೇಲೆ ಬಿದ್ದರೆ ಮಾತ್ರ ಇದಕ್ಕೆ ತದ್ವಿರುದ್ಧ. ಒಳಗೇ ಕೂತು ಸಹಾಯಕ್ಕೆ ಕರೆ ಮಾಡಿ.

ಎರಡು ಚಕ್ರದವರಿಗೆ

ಮೇಲಿನದೆಲ್ಲ ನಿಮಗೂ ಅನ್ವಯ, ಜೊತೆಗೆ ಬಿದ್ದೇ ಬೀಳುವ ಅಪಾಯ ಬೇರೆ. ಒದ್ದೆಯಾದ ಬಿಳಿ ಗೆರೆ, ಮ್ಯಾನ್‌ಹೋಲ್ ಮುಚ್ಚಳ, ಕಬ್ಬಿಣದ ಹಲಗೆ, ರೈಲು ಹಳಿ, ಬಿದ್ದ ಎಲೆ ಇವೆಲ್ಲ ಮಂಜುಗಡ್ಡೆಯ ಸೋದರರು. ಇವುಗಳ ಮೇಲೆ ಗಾಡಿ ನೆಟ್ಟಗಿರಬೇಕು, ಬ್ರೇಕ್ ಬಿಟ್ಟಿರಬೇಕು. ಹಳಿಯನ್ನು ಆದಷ್ಟು ನೇರ ಅಡ್ಡವಾಗಿ ದಾಟಿ; ಓರೆಯಾಗಿ ಹೋದರೆ ಚಕ್ರ ಅದರ ಜೊತೆಗೇ ಹೊರಟುಬಿಡುತ್ತದೆ. ಹೊಂಡದಲ್ಲಿ ನಿಂತ ನೀರು ಹೊಂಡದ ಆಳ ಹೇಳುವುದಿಲ್ಲ, ಸುತ್ತಿ ಹೋಗಿ.

ಮಳೆಯಲ್ಲಿ ಮುಂದಿನ ಬ್ರೇಕ್ ಮುಟ್ಟಲೇಬಾರದು ಎನ್ನುವವರ ಮಾತು ಕೇಳಬೇಡಿ. ಗಾಡಿಯನ್ನು ನಿಲ್ಲಿಸುವ ಶಕ್ತಿಯ ಬಹುಪಾಲು ಅಲ್ಲೇ ಇದೆ. ಎರಡನ್ನೂ ಒಟ್ಟಿಗೆ, ಒದ್ದೆ ಬಟ್ಟೆ ಹಿಂಡುವಂತೆ ಮೆಲ್ಲಗೆ ಬಿಗಿ ಮಾಡುತ್ತ ಹಿಡಿಯಿರಿ. ತಿರುವಿನಲ್ಲಿ ಗಾಡಿ ವಾಲಿದ್ದಾಗ ಮಾತ್ರ ಮುಟ್ಟಬೇಡಿ.

ರೇನ್‌ಕೋಟ್ ಕಣ್ಣಿಗೆ ಹೊಡೆಯುವ ಬಣ್ಣದ್ದಿರಲಿ, ಅದರ ಅಂಚು ಚೈನಿಗೋ ಚಕ್ರಕ್ಕೋ ಸಿಗದಂತೆ ಕಟ್ಟಿಕೊಳ್ಳಿ. ಹಿಂದೆ ಕೂತವರು ಕೊಡೆ ಬಿಚ್ಚುವುದಂತೂ ಬೇಡವೇ ಬೇಡ. ಒಂದು ಗಾಳಿಗೆ ಅದು ಹಾಯಿಯಾಗಿ ಇಬ್ಬರನ್ನೂ ಎಳೆಯುತ್ತದೆ. ವೈಸರ್ ಮಬ್ಬಾದರೆ ಒಂದು ಬೆರಳಷ್ಟು ತೆರೆದಿಡಿ. ನಿಲ್ಲುವುದಾದರೆ ಮರದ ಕೆಳಗೆ ಬೇಡ, ಸೇತುವೆಯ ಕೆಳಗೆ ರಸ್ತೆಯ ಅಂಚಿನಲ್ಲೂ ಬೇಡ. ರಸ್ತೆಯಿಂದ ಪೂರ್ತಿ ಕೆಳಗಿಳಿದು ನಿಲ್ಲಿ.

ಮನೆ ತಲುಪಿದ ಮೇಲೆ

ಬಾನೆಟ್ ಮತ್ತು ಗಾಜಿನ ನಡುವಿನ ಸಂದಿಯಲ್ಲಿ ಸಿಕ್ಕಿದ ಎಲೆ ತೆಗೆಯಿರಿ, ನೀರು ಇಳಿದುಹೋಗುವ ತೂತು ಅಲ್ಲಿದೆ. ಕಾಲಡಿಯ ಮ್ಯಾಟ್ ಹೊರಗೆ ಹಾಕಿ. ಅದು ಒದ್ದೆ ಉಳಿದರೆ ನಾಳೆಯ ಮಬ್ಬು ಅಲ್ಲಿಂದಲೇ ಏಳುತ್ತದೆ. ಆಳದ ನೀರಲ್ಲಿ ಹಾದು ಬಂದಿದ್ದರೆ ಏರ್ ಫಿಲ್ಟರ್ ತೆರೆಸಿ ನೋಡಿ. ಗಾಡಿ ಎರಡು ಮೂರು ದಿನ ನಿಲ್ಲುವುದಾದರೆ, ಸಮತಟ್ಟಾದ ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಬದಲು ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಒದ್ದೆ ಬ್ರೇಕ್ ತುಕ್ಕು ಹಿಡಿದು ಅಂಟಿಕೊಳ್ಳುವುದುಂಟು. ಮರುದಿನ ಹೊರಟಾಗ ಮೊದಲ ಬ್ರೇಕಿಗೆ ಕರ್ರ್ ಎಂಬ ಸದ್ದು ಬಂದರೆ ಗಾಬರಿ ಬೇಡ, ಡಿಸ್ಕಿನ ಮೇಲಿನ ತೆಳು ತುಕ್ಕು ಉಜ್ಜಿಹೋಗುತ್ತಿದೆ. ನಾಲ್ಕೈದು ಬ್ರೇಕ್ ಆದ ಮೇಲೂ ಸದ್ದು ನಿಲ್ಲದಿದ್ದರೆ ಮೆಕ್ಯಾನಿಕ್ ಹತ್ತಿರ ತೋರಿಸಿ.